ಓರೆ ಮಲಗಿದವರ ರಾತ್ರಿ

ತೋಟದ ಮನೆಯ ಹಿಂದಿನ ದಿಬ್ಬದಲ್ಲಿ ಮರಕ್ಕೇನೂ ಬರವಿಲ್ಲ. ಆದರೆ ಎರಡು ಮರದ ನಡುವೆ ಹ್ಯಾಮಕ್ ಕಟ್ಟಿ ರಾತ್ರಿ ಕಳೆಯಬೇಕೆಂದು ನೋಡತೊಡಗಿದರೆ ಒಂದೊಂದರಲ್ಲೂ ಒಂದೊಂದು ಐಬು. ಸಿಲ್ವರ್ ಓಕ್‌ಗಳು ನೆಟ್ಟಗಿವೆ, ಬೇಕಾದಷ್ಟು ದಪ್ಪವೂ ಇವೆ. ಆದರೆ ಬುಡದಿಂದ ಎರಡಾಳೆತ್ತರದವರೆಗೆ ಮೆಣಸಿನ ಬಳ್ಳಿ ತಬ್ಬಿಕೊಂಡಿದೆ. ಕಾಳು ಬಲಿತ ಬಳ್ಳಿಯ ಮೇಲೆ ಪಟ್ಟಿ ಬಿಗಿದರೆ ತೋಟದವರು ಊಟ ಹಾಕುವುದಿರಲಿ, ಗೇಟಿನ ತನಕ ಅಟ್ಟಿಸಿಕೊಂಡು ಬಂದಾರು. ಹಾಲುವಾಣದ ಮೈಗೆ ಮುಳ್ಳು, ಒಳಗೆ ಬರೀ ಬೆಂಡು. ಅಡಿಕೆ ಬಳುಕುತ್ತದೆ. ಹಲಸು ಎಲ್ಲಕ್ಕಿಂತ ಗಟ್ಟಿ. ಮೇ ತಿಂಗಳಲ್ಲಾದರೆ ಅದರಡಿ ತಲೆಯಿಟ್ಟು ಮಲಗುವುದು ಹುಚ್ಚುತನ, ಜನವರಿಯಲ್ಲಿ ಕಾಯಿ ಇನ್ನೂ ಹೀಚು. ಅದಕ್ಕೆ ಹದಿನಾಲ್ಕು ಅಡಿ ದೂರದಲ್ಲಿ ಒಂದು ನಂದಿ ಮರ. ಪಟ್ಟಿ ಸುತ್ತುವ ಮೊದಲು ಎರಡೂ ಮರದ ಕೆಳಗೆ ನಿಂತು ಕತ್ತೆತ್ತಿ ನೋಡಬೇಕು. ಮೇಲೆಲ್ಲೋ ಒಣಗಿ ಸಿಕ್ಕಿಕೊಂಡಿರುವ ಕೊಂಬೆ ಗಾಳಿ ಬೀಸಿದಾಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಇಲ್ಲಿ ಅಂಥದ್ದೇನೂ ಇಲ್ಲ. ಸರಿ, ಒಂದು ಜಾಗ ಸಿಕ್ಕಿತು. ಇನ್ನು ನಾಲ್ಕು ಬೇಕು.

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವ ರಸ್ತೆಯಿಂದ ಎರಡು ತಿರುವು ಒಳಗಿರುವ ರೊಬಸ್ಟಾ ತೋಟ ಇದು. ಹೋಮ್‌ಸ್ಟೇ ಇದೆ, ಮೆತ್ತನೆ ಹಾಸಿಗೆ, ಗೀಸರು ಇರುವ ಕೋಣೆಗಳೂ ಇವೆ. ಬೆಂಗಳೂರಿನಿಂದ ಬಂದ ಈ ಐವರಿಗೆ ಅವು ಯಾವುದೂ ಬೇಡ, ಮರದಡಿಯೇ ಆಗಬೇಕು. ಐವರಲ್ಲಿ ನಾಲ್ವರಿಗೆ ಹ್ಯಾಮಕ್ಕೆಂದರೆ ಆನ್‌ಲೈನಲ್ಲಿ ತರಿಸಿದ, ಇನ್ನೂ ಚೀಲದಿಂದ ಹೊರಗೆ ಬರದ ಒಂದು ವಸ್ತು. ಐದನೆಯವಳು ಹಾಸನದ ಹುಡುಗಿ. ನಾರ್ತ್ ಕೆರೊಲಿನಾದಲ್ಲಿ ಓದುವಾಗ ರಜೆಗಳಲ್ಲಿ ಅಪಲಾಚಿಯನ್ ಕಾಲುದಾರಿಯ ತುಣುಕುಗಳನ್ನು ನಡೆದವಳು. ಜಾರ್ಜಿಯಾದಿಂದ ಮೇನ್‌ವರೆಗೆ ಸುಮಾರು 3,500 ಕಿಲೋಮೀಟರ್ ಉದ್ದದ ಆ ದಾರಿಯಲ್ಲಿ, ಕಲ್ಲು-ಬೇರುಗಳ ಇಳಿಜಾರಿನಲ್ಲಿ ಟೆಂಟಿಗೆ ಸಮ ನೆಲ ಸಿಗದೆ ಹ್ಯಾಮಕ್ ಹಿಡಿದವರು ಬಹಳ ಮಂದಿ. ಮಲೆನಾಡಿನ ದಿಬ್ಬಕ್ಕೂ ಅದೇ ಮಾತು. ಇಲ್ಲಿ ಸಮನಾದ ಜಾಗವಿದ್ದರೆ ಅದು ಗದ್ದೆಯೋ ಅಂಗಳವೋ ಆಗಿರುತ್ತದೆ, ಮಲಗುವುದಕ್ಕೆ ಯಾರೂ ಬಿಟ್ಟುಕೊಡುವುದಿಲ್ಲ.

ಕೆಲಸ ಶುರುವಾದ ಕೂಡಲೇ ಹುಡುಗರು ಎಲ್ಲರೂ ಮಾಡುವುದನ್ನೇ ಮಾಡಿದರು: ಜಗ್ಗಿದರು. ಒಬ್ಬ ಮರಕ್ಕೆ ಕಾಲು ಕೊಟ್ಟು ಹಗ್ಗ ಎಳೆದ, ಇನ್ನೊಬ್ಬ ಗಂಟು ಬಿಗಿದ. ಬಟ್ಟೆ ನೆಲಕ್ಕೆ ಸಮನಾಗಿ ನಿಂತಿತು, ತಟ್ಟಿದರೆ ಸದ್ದು ಬರುವಷ್ಟು ಬಿಗಿ. ನೋಡಲು ಚೆಂದ. ಹುಟ್ಟಿದಾಗಿನಿಂದ ಮಂಚದ ಮೇಲೆ ಮಲಗಿದವರ ಲೆಕ್ಕ ಇದು; ಹಾಸಿಗೆ ಎಂದರೆ ಸಮ, ಸಮ ಎಂದರೆ ಸುಖ.

“ಏ, ಬಿಡ್ರೋ. ಇನ್ನೂ ಬಿಡ್ರೋ ಸ್ವಲ್ಪ” ಎಂದು ಹಾಸನದ ಹುಡುಗಿ ಹಿಂದಿನಿಂದ ಕೂಗುತ್ತಿದ್ದಳು.

ಅವಳು ಹೇಳಿದ್ದರಲ್ಲಿ ಲೆಕ್ಕವಿದೆ, ಅದೂ ಹೈಸ್ಕೂಲಿನ ಲೆಕ್ಕ. ಎಪ್ಪತ್ತು ಕಿಲೋ ತೂಕದ ಮನುಷ್ಯ ಮಲಗಿದಾಗ ಎರಡು ಕಡೆಯ ಪಟ್ಟಿಗಳೂ ನೆಲಮಟ್ಟಕ್ಕೆ 30 ಡಿಗ್ರಿ ಇಳಿಜಾರಿನಲ್ಲಿದ್ದರೆ ಒಂದೊಂದು ಪಟ್ಟಿಯ ಮೇಲೂ ಬೀಳುವ ಎಳೆತ 70 ಕಿಲೋ, ಅಂದರೆ ಅವನ ತೂಕದಷ್ಟೇ. ಅದೇ 10 ಡಿಗ್ರಿಗೆ ಬಿಗಿದರೆ ಒಂದೊಂದರ ಮೇಲೆ 200 ಕಿಲೋ. 5 ಡಿಗ್ರಿಗೆ 400. ಗಂಟು, ಕೊಕ್ಕೆ, ಮರದ ತೊಗಟೆ ಎಲ್ಲವೂ ಈ ಭಾರವನ್ನು ಇರುಳಿಡೀ ಹೊರಬೇಕು. ಅದು ಮರದ ಕಷ್ಟ. ಮಲಗಿದವನ ಕಷ್ಟವೇ ಬೇರೆ: ಬಿಗಿದ ಬಟ್ಟೆಯ ಎರಡು ಅಂಚುಗಳು ಎದ್ದು ಬಂದು ಭುಜಗಳನ್ನು ಒಳಕ್ಕೆ ಹಿಸುಕುತ್ತವೆ, ಮಗ್ಗುಲು ತಿರುಗಿದರೆ ಇಡೀ ಹ್ಯಾಮಕ್ಕೇ ತಿರುವಿಬೀಳುತ್ತದೆ.

ಕೋನ ಅಳೆಯಲು ಸಾಧನ ಬೇಕಿಲ್ಲ. ಹೆಬ್ಬೆರಳನ್ನು ನೆಟ್ಟಗೆ ಮೇಲಕ್ಕೂ ತೋರುಬೆರಳನ್ನು ಅಡ್ಡಕ್ಕೂ ಚಾಚಿ ಕೈಯನ್ನು ಪಟ್ಟಿಯ ಪಕ್ಕ ಹಿಡಿದಾಗ ಪಟ್ಟಿಯು ಹೆಬ್ಬೆರಳಿನ ತುದಿಯಿಂದ ತೋರುಬೆರಳಿನ ತುದಿಗೆ ಇಳಿಯುವಂತಿದ್ದರೆ ಅದು ಹೆಚ್ಚುಕಡಿಮೆ 30 ಡಿಗ್ರಿ. ಮರಕ್ಕೆ ಸುತ್ತುವ ಪಟ್ಟಿ ಒಂದು ಇಂಚಿಗಿಂತ ಅಗಲವಿರಬೇಕು, ತೆಳು ಹಗ್ಗ ತೊಗಟೆಯನ್ನು ಕೊಯ್ಯುತ್ತದೆ. ಎತ್ತರ ಐದರಿಂದ ಆರು ಅಡಿ. ಕೂತಾಗ ಅಂಡು ನೆಲದಿಂದ ಒಂದೂವರೆ ಅಡಿ ಮೇಲೆ, ಕಾಲು ನೆಲಕ್ಕೆ ತಾಕುವಂತಿರಬೇಕು; ಅದಕ್ಕಿಂತ ಮೇಲೇರಿಸುವುದು ಫೋಟೋಕ್ಕೆ ಸರಿ, ಬಿದ್ದಾಗ ಸೊಂಟಕ್ಕೆ ಸರಿಯಲ್ಲ. ಇನ್ನೊಂದು ಮಾತು ನೈಲಾನಿನದು. ನೈಲಾನ್ ಹಗ್ಗ ಹಿಗ್ಗುತ್ತದೆ, ಒದ್ದೆಯಾದರೆ ಇನ್ನಷ್ಟು. ಸಂಜೆ ಮಂಡಿಯೆತ್ತರಕ್ಕೆ ಮಲಗಿದವನು ಬೆಳಗಿನ ಜಾವ ತರಗೆಲೆ ಸವರುತ್ತಿರುವುದು ಅದರಿಂದಲೇ. ಪಾಲಿಯೆಸ್ಟರ್ ಪಟ್ಟಿಗೆ ಆ ಚಾಳಿ ಕಡಿಮೆ.

ಬಟ್ಟೆ ಎಷ್ಟು ಜೋಲಬೇಕೆಂಬ ಅಳತೆಯನ್ನು ಒಮ್ಮೆ ಕಂಡುಕೊಂಡರೆ ಮತ್ತೆ ಮತ್ತೆ ಹುಡುಕಬೇಕಿಲ್ಲ. ಹ್ಯಾಮಕ್ಕಿನ ಎರಡು ತುದಿಗಳ ನಡುವೆ ಮೇಲಿನಿಂದ ಒಂದು ಹಿಗ್ಗದ ದಾರ ಕಟ್ಟುತ್ತಾರೆ. ಅದರ ಉದ್ದ ಹ್ಯಾಮಕ್ಕಿನ ಉದ್ದದ ಶೇಕಡಾ 83ರಷ್ಟು. 11 ಅಡಿಯ ಬಟ್ಟೆಗೆ 9 ಅಡಿ ಚಿಲ್ಲರೆ. ಮರಗಳು ಹತ್ತಿರವಿರಲಿ ದೂರವಿರಲಿ, ಆ ದಾರ ತುದಿಗಳನ್ನು ಅಷ್ಟೇ ದೂರದಲ್ಲಿ ಹಿಡಿದಿಡುವುದರಿಂದ ಬಟ್ಟೆ ಪ್ರತಿ ಸಲವೂ ಅಷ್ಟೇ ಜೋಲುತ್ತದೆ. ಕನ್ನಡಕ, ಟಾರ್ಚು, ಟೋಪಿ ನೇತುಹಾಕುವುದಕ್ಕೂ ಅದೇ ದಾರ. ನಾಲ್ವರಲ್ಲಿ ಒಬ್ಬ ತಂದಿದ್ದು ಒಂಬತ್ತು ಅಡಿಯ ಹ್ಯಾಮಕ್. ಬೆಲೆ ಕಡಿಮೆ, ಚೀಲವೂ ಚಿಕ್ಕದು. ಆರಡಿ ಎತ್ತರದ ಹುಡುಗ ಅದರೊಳಗೆ ಬಾಳೆಕಾಯಿಯ ಹಾಗೆ ಬಾಗಿ ಕೂತ. ಒಂದು ಸಿನಿಮಾ ನೋಡುವಷ್ಟು ಹೊತ್ತು ಅದು ಹಿತವೇ. ಎಂಟು ಗಂಟೆ ನಿದ್ದೆಗೆ ಉದ್ದ 10–11 ಅಡಿ, ಅಗಲ 5 ಅಡಿಗೆ ಕಡಿಮೆಯಿಲ್ಲದ ಬಟ್ಟೆ ಬೇಕು. ರೆಸಾರ್ಟುಗಳಲ್ಲಿ ಎರಡು ತುದಿಗೂ ಮರದ ಅಡ್ಡಪಟ್ಟಿ ಕೊಟ್ಟು ಅಗಲವಾಗಿ ಬಿಚ್ಚಿಟ್ಟ ಹಗ್ಗದ ಹ್ಯಾಮಕ್ಕುಗಳಿರುತ್ತವಲ್ಲ, ನೋಡಲು ಅವೇ ಎಲ್ಲಕ್ಕಿಂತ ಹಾಸಿಗೆಯ ಹಾಗೆ ಕಾಣುತ್ತವೆ. ಮಲಗಿದವರನ್ನು ಎಲ್ಲಕ್ಕಿಂತ ಬೇಗ ಕೆಳಕ್ಕೆ ಕೆಡಹುವುದೂ ಅವೇ. ಭಾರ ಮೇಲೆ ನಿಲ್ಲುತ್ತದೆ, ಅಂಚಿಗೆ ಸರಿದರೆ ಮುಗಿಯಿತು. ಅವುಗಳನ್ನು ಮಾಡಿದವರು ನಿದ್ದೆಯನ್ನು ಯೋಚಿಸಿದ್ದರೆಂದು ನನಗೆ ಅನ್ನಿಸಿಲ್ಲ.

ಐದು ಗಂಟೆಗೆ ಕೊಯ್ಲಿನವರು ಹಣ್ಣಿನ ಮೂಟೆ ಹೊತ್ತು ತೂಕಕ್ಕೆ ಬರತೊಡಗಿದರು. ಅವರಲ್ಲಿ ಹೊಸದುರ್ಗದ ಕಡೆಯ ಒಬ್ಬ ಹೆಂಗಸು ತೂಕ ಬರೆಸಿ, ಕಾಫಿ ಗಿಡಗಳ ಸಾಲಿನ ತುದಿಗೆ ಹೋಗಿ, ಎರಡು ಮರದ ನಡುವಿನ ಸೀರೆಯ ಜೋಲಿಯೊಳಗೆ ಇಣುಕಿದಳು. ಮಗಳ ಕೂಸು ಅದರಲ್ಲಿ ಮಲಗಿತ್ತು. ಹಳೇ ನೂಲಿನ ಸೀರೆ, ಎರಡು ಮಡಿಕೆ, ಮೊಣಕಾಲಿನ ತನಕ ಇಳಿಬಿಟ್ಟಿದ್ದಾಳೆ. ಕೂಸಿನ ತಲೆ ಸೀರೆಯ ಒಂದು ಅಂಚಿಗೆ, ಕಾಲು ಇನ್ನೊಂದು ಅಂಚಿಗೆ. ಕೆಳಗೆ ಮಡಚಿದ ಕಂಬಳಿಯ ತುಂಡು. ಹಾಸನದ ಹುಡುಗಿ ಓಡಿಹೋಗಿ ಹುಡುಗರನ್ನೆಲ್ಲ ಕರೆದು ತೋರಿಸಿದಳು. ತಾನು ಗಂಟಲು ಹರಿದುಕೊಂಡು ಹೇಳುತ್ತಿದ್ದುದೆಲ್ಲ ಅಲ್ಲಿ ಸುಮ್ಮನೆ ತೂಗುತ್ತಿತ್ತು.

“ಜಗ್ಗಿ ಕಟ್ಟಿದ್ರೆ ಕೂಸು ಉಳ್ಳಿ ಬೀಳ್ತೈತೆ ಕಣವ್ವಾ” ಎಂದಳು ಆ ಹೆಂಗಸು, ಇದರಲ್ಲಿ ನೋಡುವಂಥದ್ದೇನಿದೆ ಎಂಬಂತೆ.

ಓರೆ ಮಲಗುವುದೇ ಇಲ್ಲಿನ ಗುಟ್ಟು. ಹ್ಯಾಮಕ್ಕಿನ ನಡುಗೆರೆಯ ಮೇಲೆ, ಒಂದು ಮರದಿಂದ ಇನ್ನೊಂದು ಮರದ ಕಡೆಗೆ ನೇರವಾಗಿ ಮಲಗಿದರೆ ಬೆನ್ನು ಕುಗ್ಗುತ್ತದೆ, ಮೊಣಕಾಲು ಹಿಮ್ಮುಖವಾಗಿ ಸೆಟೆಯುತ್ತದೆ, ಹಿಮ್ಮಡಿ ಮೇಲೇರುತ್ತದೆ. ಅದೇ ತಲೆಯನ್ನು ನಡುಗೆರೆಯಿಂದ ಎಡಕ್ಕೂ ಕಾಲನ್ನು ಬಲಕ್ಕೂ ಸರಿಸಿ ಓರೆಯಾದಾಗ ಜೋತುಬಿದ್ದ ಬಟ್ಟೆ ಮೈಯಡಿಯಲ್ಲಿ ಹರಡಿಕೊಂಡು ಹೆಚ್ಚುಕಡಿಮೆ ಸಮನಾಗುತ್ತದೆ. ಬೆನ್ನು ಚಾಚುತ್ತದೆ, ಬೇಕಾದರೆ ಮಗ್ಗುಲಾಗಿಯೂ ಮಲಗಬಹುದು. ಬಿಗಿದು ಕಟ್ಟಿದ ಹ್ಯಾಮಕ್ಕಿನಲ್ಲಿ ಇದು ಆಗುವುದೇ ಇಲ್ಲ. ಓರೆಯಾಗಲು ಜೋಲು ಬೇಕು. ಮೊದಲು ಸಡಿಲ, ಆಮೇಲೆ ಓರೆ. ಮಂಚ ಕಲಿಸಿದ ಎರಡನ್ನೂ ಮರೆಯಬೇಕು.

ಇದನ್ನು ಅಮೆರಿಕದ ಚಾರಣಿಗರು ಕಂಡುಹಿಡಿದದ್ದಲ್ಲ. 1492ರ ಅಕ್ಟೋಬರಿನಲ್ಲಿ ಕೊಲಂಬಸ್ ಬಹಾಮಾ ದ್ವೀಪಗಳಿಗೆ ಬಂದಾಗ ಅಲ್ಲಿನ ಮನೆಗಳಲ್ಲಿ ಹತ್ತಿಯ ಬಲೆಗಳಂಥ ಹಾಸಿಗೆಗಳನ್ನು ಕಂಡು ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಮೆಕ್ಸಿಕೋದ ಯುಕಟಾನ್ ಪ್ರಾಂತದ ಮಾಯಾ ಮನೆಗಳಲ್ಲಿ ಇವತ್ತಿಗೂ ಗೋಡೆ ಕಟ್ಟುವಾಗಲೇ ಹ್ಯಾಮಕ್ಕಿನ ಕೊಕ್ಕೆ ಕೂರಿಸುತ್ತಾರೆ; ಹಗಲು ಸುತ್ತಿ ಗೋಡೆಗೆ ಒರಗಿಸಿದ್ದು ರಾತ್ರಿ ಕೋಣೆಯ ಉದ್ದಗಲಕ್ಕೂ ಬಿಚ್ಚಿಕೊಳ್ಳುತ್ತದೆ. ಮೆರಿಡಾ ನಗರಕ್ಕೆ ಹತ್ತಿರದ ತಿಷ್ಕೊಕೊಬ್ ಎಂಬ ಊರು ಈ ನೇಯ್ಗೆಗೇ ಹೆಸರಾದದ್ದು. ಅಲ್ಲಿನ ಹ್ಯಾಮಕ್ ಎಷ್ಟು ಅಗಲವೆಂದರೆ ಅದರಲ್ಲಿ ಓರೆಯಲ್ಲ, ಪೂರ್ತಿ ಅಡ್ಡಡ್ಡ ಮಲಗುವುದೂ ಉಂಟು. ಅಮೆಜಾನ್ ನದಿಯ ದೋಣಿಗಳಲ್ಲಿ ಪ್ರಯಾಣಿಕರು ಟಿಕೆಟ್ಟಿನೊಂದಿಗೆ ಸ್ವಂತ ಹ್ಯಾಮಕ್ ತಂದು ಡೆಕ್ಕಿನ ಕಂಬಿಗೆ ಕಟ್ಟಿಕೊಳ್ಳುತ್ತಾರೆ. ಎಡಬಲದವರ ಮೊಣಕೈ ತಾಗಿಸಿಕೊಂಡೇ ದಿನಗಟ್ಟಲೆ ಪಯಣ.

ನೇರ ಮಲಗುವ ಕೆಟ್ಟ ಚಾಳಿ ಬಂದದ್ದು ಹಡಗುಗಳಿಂದ ಎಂದು ನನ್ನ ಗುಮಾನಿ. ಇಂಗ್ಲೆಂಡಿನ ನೌಕಾಪಡೆ 1597ರಲ್ಲಿ ಹ್ಯಾಮಕ್ಕನ್ನು ಒಪ್ಪಿಕೊಂಡಿತು. ಹಡಗು ಹೊಯ್ದಾಡಿದರೂ ಮಲಗಿದವನು ನೆಲಕ್ಕುರುಳದೆ ಇರುವುದು ದೊಡ್ಡ ಅನುಕೂಲ. ಆದರೆ ಸಾಮಾನ್ಯ ನಾವಿಕನಿಗೆ ಸಿಗುತ್ತಿದ್ದ ಅಗಲ 14 ಇಂಚು. ಪಕ್ಕದವನು ರಾತ್ರಿ ಪಾಳಿಗೆ ಹೋದರೆ ಅವನ 14 ಇಂಚೂ ಸೇರಿ 28. ಅಷ್ಟರಲ್ಲಿ ಓರೆ ಎಲ್ಲಿಂದ ಬರಬೇಕು? ಬೆಳಗಾದ ಮೇಲೆ ಆ ಹ್ಯಾಮಕ್ಕುಗಳನ್ನು ಬಿಗಿಯಾಗಿ ಸುತ್ತಿ ಹಡಗಿನ ಅಂಚಿನುದ್ದಕ್ಕೂ ಜೋಡಿಸಿಡುತ್ತಿದ್ದರು. ಯುದ್ಧದಲ್ಲಿ ಶತ್ರುಗಳ ಗುಂಡಿಗೆ ಅದೇ ತಡೆ. ಹಾಸಿಗೆಗೆ ಇಷ್ಟೊಂದು ಕೆಲಸವಿದ್ದ ಮೇಲೆ ಸುಖದ ಮಾತು ಯಾರು ಆಡುತ್ತಾರೆ.

ಸಂಜೆಗೆ ಮತ್ತೆ ಬರೋಣ. ಮರ ಎಲ್ಲೆಲ್ಲೂ ಇದೆಯೆಂದು ಎಲ್ಲೆಂದರಲ್ಲಿ ಕಟ್ಟುವಂತಿಲ್ಲ. ಮೀಸಲು ಅರಣ್ಯದಲ್ಲಿ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ತಂಗುವುದು ಅಪರಾಧ. ತೋಟದಲ್ಲೂ ಅದರ ಯಜಮಾನ ಗೌಡರು ತೋರಿಸಿದ ಗೆರೆ ದಾಟುವಂತಿಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಆನೆಗೆ ಬೇಲಿ, ಗೇಟು ಲೆಕ್ಕಕ್ಕಿಲ್ಲ. ಮನೆಯಿಂದ ಕೂಗಳತೆಯ ದಿಬ್ಬವನ್ನೇ ಅವರು ಆರಿಸಿಕೊಟ್ಟದ್ದು ಅದಕ್ಕೆ. ನೆಲಬಿಟ್ಟು ಮಲಗುವುದಕ್ಕೆ ಮಲೆನಾಡು ಇನ್ನೆರಡು ಕಾರಣ ಕೊಡುತ್ತದೆ. ಮಳೆಗಾಲದಲ್ಲಿ ಜಿಗಣೆ. ಚಳಿಗಾಲ ಮುಗಿಯುತ್ತಾ ಬಂದಂತೆ ಉಣುಗು. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಹರಡುವುದು ಉಣುಗೇ. ಕಾಯಿಲೆಯ ಕಾಲ ಹ್ಯಾಮಕ್ ಕಟ್ಟಲು ಹಿತವಾದ ಡಿಸೆಂಬರ್‌ನಿಂದ ಬೇಸಿಗೆಯವರೆಗಿನ ಕಾಲವೇ. ತರಗೆಲೆಯ ಮೇಲೆ ಚಾಪೆ ಹಾಸಿ ಕೂರುವವನಿಗಿಂತ ಹ್ಯಾಮಕ್ಕಿನವನು ಸುರಕ್ಷಿತ ನಿಜ, ಆದರೆ ಅವನೂ ಮೂತ್ರಕ್ಕೆ ಇಳಿಯಲೇಬೇಕು. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕುವುದು, ಉಣುಗು ಓಡಿಸುವ ಎಣ್ಣೆ ಹಚ್ಚುವುದು, ಹತ್ತುವ ಮುಂಚೆ ಬಟ್ಟೆ ಕೊಡವುವುದು, ಬೆಳಿಗ್ಗೆ ಕಂಕುಳು-ತೊಡೆಸಂದು ನೋಡಿಕೊಳ್ಳುವುದು, ಇವನ್ನು ಬಿಡುವಂತಿಲ್ಲ.

ಸೊಳ್ಳೆಯ ವಿಷಯದಲ್ಲಿ ಜನ ಮೇಲಕ್ಕೆ ಪರದೆ ಕಟ್ಟಿ ನಿಶ್ಚಿಂತರಾಗುತ್ತಾರೆ. ಸೊಳ್ಳೆ ಕೆಳಗಿನಿಂದ ಬರುತ್ತದೆ. ಒಂದೇ ಪದರದ ತೆಳು ನೈಲಾನಿನಲ್ಲಿ ಬೆನ್ನು ಬಟ್ಟೆಗೆ ಒತ್ತಿಕೊಂಡಿರುವಲ್ಲಿ ಅದರ ಸೂಜಿಗೆ ಬಟ್ಟೆಯೇ ಅಡ್ಡಿಯಲ್ಲ. ಎರಡು ಪದರದ ಹ್ಯಾಮಕ್ಕೋ, ಸುತ್ತಲೂ ಕೊಳವೆಯಂತೆ ಆವರಿಸುವ ಪರದೆಯೋ, ಕೆಳಗೊಂದು ದಪ್ಪ ಹೊದಿಕೆಯೋ ಇದ್ದರೆ ಅದರ ಆಟ ನಡೆಯದು. ಮೇಲಿನ ಟಾರ್ಪಾಲನ್ನು ಜನವರಿಯಲ್ಲಿ ಮಳೆಯಿಲ್ಲವೆಂದು ಬಿಡಬೇಡಿ. ತಿಳಿಯಾದ ಆಕಾಶದ ಕೆಳಗೆ ಮೈಯ ಬಿಸಿ ನೇರ ಮೇಲಕ್ಕೆ ಸೋರುತ್ತದೆ, ಇಬ್ಬನಿ ನೇರ ಮೇಲೆ ಬೀಳುತ್ತದೆ. ಒಂದು ತೆಳು ಹೊದಿಕೆ ಎರಡನ್ನೂ ತಡೆಯುತ್ತದೆ. ಮಂಜು ಬಿದ್ದ ರಾತ್ರಿ ಮರದ ಮೈಯಿಂದ ಇಳಿದ ನೀರು ಪಟ್ಟಿ ಹಿಡಿದುಕೊಂಡು ಬಂದು ಹಾಸಿಗೆಯೊಳಗೆ ಸೇರುವುದುಂಟು. ಪಟ್ಟಿಗೆ, ಟಾರ್ಪಾಲಿನ ಅಂಚಿನ ಒಳಗೆ ಬರುವ ಜಾಗದಲ್ಲಿ, ಒಂದು ಗೇಣು ನೂಲು ಕಟ್ಟಿ ಇಳಿಬಿಟ್ಟರೆ ನೀರು ಆ ನೂಲು ಹಿಡಿದು ನೆಲಕ್ಕೆ ತೊಟ್ಟಿಕ್ಕುತ್ತದೆ. ಮೂರು ಕಾಸಿನ ನೂಲು.

ಅಕ್ಕಿರೊಟ್ಟಿ, ಕೋಳಿಸಾರು ಮುಗಿಸಿ ಹತ್ತು ಗಂಟೆಗೆ ಹತ್ತಿದರು. ಹತ್ತುವುದೂ ಒಂದು ವಿದ್ಯೆ. ಕಾಲು ಮೊದಲು ಹಾಕಿದವನು ಬೀಳುತ್ತಾನೆ. ಬಟ್ಟೆಯ ಹತ್ತಿರದ ಅಂಚನ್ನು ಬೆನ್ನಿಗೆಳೆದುಕೊಂಡು ನಟ್ಟನಡುವೆ ಅಂಡೂರಿ ಕೂತು, ಹಿಂದಕ್ಕೆ ಒರಗಿ, ಆಮೇಲೆ ಕಾಲೆತ್ತಿ, ಕೊನೆಗೆ ಓರೆಯಾಗಬೇಕು. ಕಾಲ ಕಡೆಯ ಪಟ್ಟಿಯನ್ನು ತಲೆಯ ಕಡೆಗಿಂತ ಆರೆಂಟು ಇಂಚು ಮೇಲೆ ಕಟ್ಟಿದ್ದರು. ಇಲ್ಲದಿದ್ದರೆ ಮಲಗಿದವರು ನಿದ್ದೆಯಲ್ಲಿ ಮೆಲ್ಲಗೆ ಕಾಲಿನ ಕಡೆಗೆ ಜಾರಿ, ನಡುರಾತ್ರಿ ಗುಡ್ಡೆಯಾಗಿ ಎಚ್ಚರಗೊಳ್ಳುತ್ತಾರೆ. ಓರೆ ಮಲಗಿದಾಗ ಮೀನಖಂಡದಡಿ ಬಟ್ಟೆಯ ಒಂದು ಬಿಗಿಯಾದ ಏರು ಒತ್ತುವುದುಂಟು. ಜಾಕೆಟ್ಟನ್ನು ಸುರುಳಿ ಸುತ್ತಿ ಮೊಣಕಾಲಿನಡಿ ಇಟ್ಟರೆ ಅದು ಶಮನ. ತಲೆದಿಂಬು ಮಾತ್ರ ಮನೆಯದರ ಅರ್ಧ ದಪ್ಪ ಸಾಕು, ಬಟ್ಟೆಯೇ ತಲೆಯನ್ನು ಎತ್ತಿಕೊಟ್ಟಿರುತ್ತದೆ. ದಿಂಬಿಗಿಂತ ಕತ್ತಿನಡಿಗೆ ಸುತ್ತಿದ ಟವೆಲ್ಲೇ ವಾಸಿ ಎನ್ನುವವರಿದ್ದಾರೆ, ನಾನು ಅವರ ಪಕ್ಷ.

ಮೊದಮೊದಲು ಎಲ್ಲ ಹ್ಯಾಮಕ್ಕುಗಳೂ ತೂಗುತ್ತಿದ್ದವು. ಜಿನೀವಾದ ವಿಜ್ಞಾನಿಗಳು ತೂಗುವ ಮಂಚದ ಮೇಲೆ ಜನರನ್ನು ಮಲಗಿಸಿ ಮೆದುಳಿನ ಅಲೆಗಳನ್ನು ಅಳೆದಿದ್ದಾರೆ. 2011ರಲ್ಲಿ 12 ಗಂಡಸರ ಮೇಲೆ, ಮಧ್ಯಾಹ್ನದ 45 ನಿಮಿಷದ ನಿದ್ದೆಯಲ್ಲಿ. 2019ರಲ್ಲಿ 18 ಮಂದಿಯ ಮೇಲೆ, ಇಡೀ ರಾತ್ರಿ. ನಾಲ್ಕು ಸೆಕೆಂಡಿಗೊಮ್ಮೆ ಹೋಗಿ ಬರುವ ಮೆಲು ತೂಗಿಗೆ ನಿದ್ದೆ ಬೇಗ ಹತ್ತಿತು, ಗಾಢನಿದ್ದೆಯ ಪಾಲು ಹೆಚ್ಚಿತು. ಜೋಗುಳ ಹಾಡುವ ಯಾವ ಅಜ್ಜಿಗೂ ಇದು ಸುದ್ದಿಯಲ್ಲ. ಹ್ಯಾಮಕ್ ಮಾರುವವರು ಈ ಪ್ರಯೋಗಗಳನ್ನು ತೋರಿಸಿ ವ್ಯಾಪಾರ ಮಾಡುತ್ತಾರೆ, ಅಲ್ಲಿ ಸ್ವಲ್ಪ ತಡೆಯಬೇಕು: ಪ್ರಯೋಗದ ಮಂಚವನ್ನು ಮೋಟಾರು ಇರುಳೆಲ್ಲ ತೂಗುತ್ತಿತ್ತು. ಹ್ಯಾಮಕ್ಕಿನ ತೂಗು ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ, ಮತ್ತೆ ತೂಗಲು ಕೂಸಿಗಿರುವ ಹಾಗೆ ಕಾಲಿಗೆ ದಾರ ಕಟ್ಟಿಕೊಂಡ ಅಮ್ಮ ಪಕ್ಕದಲ್ಲಿಲ್ಲ. ಅಂದ ಮೇಲೆ ನಿದ್ದೆಯ ಹಿತವನ್ನು ತೂಗಿಗಿಂತ ಜೋಲಿನಲ್ಲೇ ಹುಡುಕುವುದು ಮೇಲು.

ಮೂರು ಗಂಟೆಗೆ ಚಾರ್ಮಾಡಿಯ ಕಡೆಯಿಂದ ಗಾಳಿ ಏರಿತು. ಜನವರಿಯ ಈ ಹೊತ್ತಿಗೆ ಇಲ್ಲಿ ಹನ್ನೆರಡು-ಹದಿಮೂರು ಡಿಗ್ರಿಗೆ ಇಳಿಯುವುದುಂಟು. ಹಿಮಾಲಯದ ಚಳಿಯೇನಲ್ಲ, ಮನೆಯೊಳಗಿದ್ದರೆ ಒಂದು ಹೊದಿಕೆ ಸಾಕು. ಆದರೆ ದಿಬ್ಬದ ಮೇಲಿಂದ ಗೊಣಗು ಕೇಳತೊಡಗಿತು, ಟಾರ್ಚುಗಳು ಒಂದೊಂದಾಗಿ ಹೊತ್ತಿಕೊಂಡವು. ಹುಡುಗರು ಸ್ಲೀಪಿಂಗ್ ಬ್ಯಾಗಿನೊಳಗೆ ಕತ್ತಿನ ತನಕ ಜಿಪ್ ಎಳೆದುಕೊಂಡಿದ್ದರು. ಎದೆ ಬೆಚ್ಚಗಿತ್ತು. ಬೆನ್ನು, ಸೊಂಟ, ಅದರ ಕೆಳಗಿನದು ಮರಗಟ್ಟಿತ್ತು. ಅಮೆರಿಕದ ಹ್ಯಾಮಕ್ಕಿಗರು ಇದಕ್ಕೊಂದು ಹೆಸರಿಟ್ಟಿದ್ದಾರೆ, ಸಭ್ಯವಾದುದಲ್ಲ, ಇಲ್ಲಿ ಬೇಡ.

ಹೊದಿಕೆ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಅಲುಗದ ಗಾಳಿಯಿಂದ. ಸ್ಲೀಪಿಂಗ್ ಬ್ಯಾಗಿನ ಮೇಲ್ಭಾಗ ಉಬ್ಬಿಕೊಂಡು ಗಾಳಿ ತುಂಬಿಕೊಂಡಿರುತ್ತದೆ, ಬೆನ್ನಿನಡಿಯದು ಮೈಭಾರಕ್ಕೆ ಅಪ್ಪಚ್ಚಿಯಾಗಿ ಬರೀ ಬಟ್ಟೆಯಾಗಿ ಉಳಿದಿರುತ್ತದೆ. ನೆಲದ ಮೇಲೆ ಮಲಗಿದವನ ಕೆಳಗೆ ಭೂಮಿಯಾದರೂ ಇದೆ. ಹ್ಯಾಮಕ್ಕಿನವನ ಕೆಳಗೆ ಹರಿಯುವ ಗಾಳಿ, ಕಾಯಿಸಿದ್ದನ್ನೆಲ್ಲ ಆ ಕ್ಷಣವೇ ಹೊತ್ತೊಯ್ಯುತ್ತದೆ. ಬೆಳಗಿನ ಜಾವ ನಾಲ್ಕು-ಐದು ಗಂಟೆಗೆ ಮೈಯ ಒಳಶಾಖವೂ ದಿನದಲ್ಲೇ ತೀರ ಕೆಳಕ್ಕಿಳಿದಿರುತ್ತದೆ. ಹತ್ತು ಗಂಟೆಗೆ ‘ಏನ್ ಸಕತ್ತಾಗಿದೆ’ ಎಂದವರೇ ನಾಲ್ಕಕ್ಕೆ ಶಾಪ ಹಾಕುವುದಕ್ಕೆ ಇದೆಲ್ಲ ಸೇರಿ ಕಾರಣ. ಮೇಲೆ ಇನ್ನೊಂದು ರಗ್ಗು ಹೇರಿಕೊಂಡು ಉಪಯೋಗವಿಲ್ಲ. ಹಾಸಿಗೆಯ ಬುದ್ಧಿಗೆ ಹೊಳೆಯದ ಮೂರನೆಯ ಸಂಗತಿ ಇದು: ಹೊದೆಯಬೇಕಾದದ್ದು ಕೆಳಗೆ.

ಹಾಸನದ ಹುಡುಗಿಯ ಹ್ಯಾಮಕ್ಕಿನಡಿ ಹೊರಗಡೆಯಿಂದ ಒಂದು ರಜಾಯಿ ನೇತಾಡುತ್ತಿತ್ತು. ಅಮೆರಿಕದ ಹ್ಯಾಮಕ್ಕಿಗರು ಇದನ್ನು ಅಂಡರ್‌ಕ್ವಿಲ್ಟ್ ಎನ್ನುತ್ತಾರೆ. ಅದು ಬಟ್ಟೆಯ ಹೊರಗಿರುವುದರಿಂದ ಮೈಭಾರ ಅದರ ಮೇಲೆ ಬೀಳುವುದಿಲ್ಲ, ಉಬ್ಬು ಹಾಗೇ ಉಳಿಯುತ್ತದೆ. ಕಟ್ಟುವುದರಲ್ಲಿ ಮಾತ್ರ ನಾಜೂಕು ಬೇಕು. ಬೆನ್ನಿಗೂ ರಜಾಯಿಗೂ ನಡುವೆ ಎರಡು ಬೆರಳು ಸಂದಿಯಾದರೂ ತಣ್ಣನೆ ಗಾಳಿ ಒಳಹೊಕ್ಕು ಎಲ್ಲ ವ್ಯರ್ಥ; ತೀರ ಬಿಗಿದರೆ ಮತ್ತೆ ಅಪ್ಪಚ್ಚಿ. ಮಲಗಿದ ಮೇಲೆ ಹೊರಗಿನಿಂದ ಇನ್ನೊಬ್ಬರು ಕೈಯಾಡಿಸಿ ನೋಡಿ ಸರಿಮಾಡಬೇಕು, ಎರಡು ತುದಿಗಳ ಬಾಯಿಯನ್ನು ದಾರ ಎಳೆದು ಮುಚ್ಚಬೇಕು. ಮೇಲೆ ಹೊದೆಯಲು ಅವಳ ಹತ್ತಿರ ಇದ್ದದ್ದು ಜಿಪ್ ಬಿಚ್ಚಿದ ಹಳೇ ಸ್ಲೀಪಿಂಗ್ ಬ್ಯಾಗು, ಕಾಲಿಗೆ ಉಣ್ಣೆಯ ಚೀಲ, ತಲೆಗೆ ಮಂಕಿ ಟೋಪಿ. ಅಷ್ಟೇ. ಟಾರ್ಚುಗಳಾಗಲಿ ಗೊಣಗಾಗಲಿ ಅವಳನ್ನು ಎಬ್ಬಿಸಲಿಲ್ಲ.

ಉಳಿದವರಿಗೆ ತೋಟದ ಲೆಕ್ಕ ಬರೆಯುವ ರೈಟರು ಒದಗಿದರು. ಕಾಫಿ ಒಣಗಿಸುವ ಕಣದ ಕಾವಲಿಗೆ ಮಲಗಿದ್ದವರು ಗಲಾಟೆಗೆ ಎದ್ದು ಕಂಬಳಿಕೊಪ್ಪೆ ಹಾಕಿಕೊಂಡು ಬಂದರು.

“ಏನ್ ಮಾರಾಯ್ರೆ, ಮೈಯಡಿಗೆ ಏನೂ ಹಾಕ್ಕಳ್ದೆ ಮಲಗಿದ್ರೆ ಚಳಿ ಹೊಡಿದೆ ಇನ್ನೇನ್ ಹೊಡೀತದೆ?”

“ಯೋಗಾ ಮ್ಯಾಟ್ ಇದೆ ರೈಟ್ರೇ, ಆದರೆ ಜಾರಿ ಹೋಗ್ತಿದೆ.”

ಯೋಗಾ ಮ್ಯಾಟಿನಂಥ ಫೋಮ್ ಹಾಳೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಮೈಭಾರಕ್ಕೂ ಅದು ಅಷ್ಟಾಗಿ ಅಮುಕುವುದಿಲ್ಲ. ಅದರ ಕಷ್ಟ ಎರಡು. ಹೊರಳಿದಾಗಲೆಲ್ಲ ಜಾರುತ್ತದೆ, ಅಗಲ ಸಾಲದೆ ಭುಜಗಳು ಹೊರಗುಳಿಯುತ್ತವೆ. ಎರಡು ಪದರದ ಹ್ಯಾಮಕ್ಕಿನಲ್ಲಿ ಅದನ್ನು ಪದರಗಳ ನಡುವೆ ತೂರಿಸಿದರೆ ಜಾರುವುದಿಲ್ಲ. ಒಂದೇ ಪದರವಾದರೆ ಸ್ಲೀಪಿಂಗ್ ಬ್ಯಾಗಿನೊಳಗೇ ಹಾಕಿಕೊಳ್ಳುವುದು. ಭುಜದ ಹತ್ತಿರ ಇನ್ನೊಂದು ಮೊಳದ ತುಂಡನ್ನು ಅಡ್ಡಕ್ಕೆ ಇಟ್ಟರೆ ಆಯಿತು. ಕಾರಿನ ಮುಂಗಾಜಿಗೆ ಬಿಸಿಲು ತಡೆಯಲು ಇಡುವ ಹೊಳೆಯುವ ಹಾಳೆಯಿದ್ದರೆ ಅದೂ ಆದೀತು; ಇಬ್ಬರಿಗೆ ಅದೇ ಗತಿಯಾಯಿತು. ಪ್ಲಾಸ್ಟಿಕ್ ಹಾಳೆಯನ್ನು ಮೈಗೆ ಸುತ್ತಿಕೊಳ್ಳುವ ಯೋಚನೆ ಒಬ್ಬನಿಗೆ ಬಂದಿತ್ತು. ಅದನ್ನು ಯಾರೂ ಮಾಡಬಾರದು, ಬೆವರು ಹೊರಹೋಗದೆ ಒಂದು ಗಂಟೆಯಲ್ಲಿ ಒಳಗೆಲ್ಲ ತೇವವಾಗಿ ಚಳಿ ದುಪ್ಪಟ್ಟಾಗುತ್ತದೆ.

ಒಂಬತ್ತು ಅಡಿಯ ಹ್ಯಾಮಕ್ಕಿನವನ ಬಳಿ ಮ್ಯಾಟೂ ಇರಲಿಲ್ಲ. ರೈಟರು ಕಣದ ಮನೆಯಿಂದ ಚಿತ್ರದುರ್ಗದ ಕಡೆಯ ಕರಿಕಂಬಳಿ ತಂದರು. ಕುರಿಯ ಒರಟು ಉಣ್ಣೆ, ಮೈಗೆ ತಾಗಿದರೆ ಚುಚ್ಚುತ್ತದೆ. ಹೊರಗೆ ಕಟ್ಟಿದರೆ ಯಾರನ್ನು ಚುಚ್ಚಬೇಕು? ಮೂಲೆಗೊಂದು ಗಂಟು ಹಾಕಿದರೆ ದಪ್ಪ ಕಂಬಳಿಯಲ್ಲಿ ಅದು ನಿಲ್ಲುವುದಿಲ್ಲ. ರೈಟರು ನಾಲ್ಕು ಮೂಲೆಗೂ ಒಳಗಿನಿಂದ ನಿಂಬೆಹಣ್ಣಿನಷ್ಟು ಕಲ್ಲಿಟ್ಟು, ಕಲ್ಲಿನ ಕೊರಳಿಗೆ ದಾರ ಬಿಗಿದರು. ದಾರವನ್ನು ನೇರ ಹ್ಯಾಮಕ್ಕಿನ ತುದಿಗೆ ಕಟ್ಟದೆ ನಡುವೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸೇರಿಸಿದರು. ಹುಡುಗ ಹೊರಳಿದಾಗ ರಬ್ಬರು ಹಿಗ್ಗಿ ಕುಗ್ಗಿ ಕಂಬಳಿಯನ್ನು ಬೆನ್ನಿಗಂಟಿಸಿಯೇ ಇಟ್ಟಿತು. ಭಾರಕ್ಕೆ ನಡುವೆ ಸ್ವಲ್ಪ ಜೋತಿತು. ಅಲ್ಲಿಗೆ ಎರಡು ಖಾಲಿ ಗೋಣಿಚೀಲ ಮಡಚಿ ತುರುಕಿದರು. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ಇಷ್ಟು ತೂಕ ಹೇಳಿದ್ದಲ್ಲ. ಕಾರಿನಲ್ಲಿ ಬಂದವರಿಗೆ ಏನಂತೆ.

“ಕಾಲ್ ಹತ್ರ ಬಿಸಿನೀರ್ ಬಾಟ್ಲಿ ಇಡ್ಲೇನೋ, ಅದೂ ಬೇಕಾ?” ಎಂದು ಕೇಳುವಷ್ಟರಲ್ಲಿ ಹುಡುಗನ ಗೊರಕೆ ಕೇಳಿಸಿತು. ಬಾಟ್ಲಿ ಒಳ್ಳೆಯ ಉಪಾಯವೇ. ಸ್ಟೀಲಿನದಾಗಿದ್ದು, ಕಾಲುಚೀಲದೊಳಗೆ ಹಾಕಿ ತೊಡೆಸಂದಿಯಲ್ಲಿಟ್ಟುಕೊಂಡರೆ ಬೆಳಗಿನ ತನಕ ಸಾಗುತ್ತದೆ.

ಹುಡುಗರಲ್ಲಿ ಉಳಿದ ಒಬ್ಬನ ಕತೆ ಬೇರೆ. ಅವನು ಹುಟ್ಟಾ ಬೋರಲು ಮಲಗುವವನು. ಸಡಿಲ ಬಿಟ್ಟರೂ, ಓರೆಯಾದರೂ, ಮೊಣಕಾಲಿಗೆ ಜಾಕೆಟ್ಟು ಕೊಟ್ಟರೂ ಹೊಟ್ಟೆಯ ಮೇಲೆ ಮಲಗುವವರಿಗೆ ಹ್ಯಾಮಕ್ಕಿನಲ್ಲಿ ದಾರಿಯಿಲ್ಲ. ಸೊಂಟ ಹಿಂದಕ್ಕೆ ಮುರಿದಂತಾಗುತ್ತದೆ. ಮಗ್ಗುಲಾಗಿ ಮಲಗುವವರು ಕಾಲು ಮಡಚಿಕೊಂಡು ಹೇಗೋ ಹೊಂದಿಕೊಳ್ಳುತ್ತಾರೆ, ಬೆನ್ನ ಮೇಲೆ ಮಲಗುವವರಿಗೆ ಇದು ಸ್ವರ್ಗ, ಬೋರಲಿನವರಿಗೆ ಚಾಪೆಯೇ ಸರಿ. ಅವನು ಒಂದು ಗಂಟೆಗೇ ಇಳಿದು ಬಂದು ಜಗಲಿಯಲ್ಲಿ ಚಾಪೆ ಬಿಡಿಸಿದ್ದ. ಎಲ್ಲರಿಗಿಂತ ಮೊದಲು ಎದ್ದು, ಬೆಲ್ಲದ ಕಾಫಿ ಹೀರುತ್ತಾ, ಉಳಿದವರು ಇಳಿಯುವ ಚೆಂದವನ್ನು ಫೋನಿನಲ್ಲಿ ಹಿಡಿಯುತ್ತಿದ್ದ.

ಕೆಲಸದವರು ಬರುವ ಮೊದಲು ಎಲ್ಲ ಬಿಚ್ಚಿರಬೇಕೆಂದು ಗೌಡರು ಹೇಳಿದ್ದರು. ಮೊದಲು ರಜಾಯಿ, ಆಮೇಲೆ ಹ್ಯಾಮಕ್, ಕೊನೆಗೆ ಟಾರ್ಪಾಲು, ಈ ಕ್ರಮದಲ್ಲಿ ಬಿಚ್ಚಿದರೆ ಒಳಗಿನವು ಇಬ್ಬನಿಗೆ ನೆನೆಯದೆ ಚೀಲ ಸೇರುತ್ತವೆ. ಟಾರ್ಪಾಲು ಮಾತ್ರ ತೊಯ್ದು ತೊಪ್ಪೆ. ಒದ್ದೆಯಾದದ್ದನ್ನು ಮಡಚಿಟ್ಟರೆ ಎರಡೇ ದಿನಕ್ಕೆ ಬೂಷ್ಟು ಹಿಡಿದು ನಾರುತ್ತದೆ, ಒಣಗಿಸದೆ ಹೊರಡುವಂತಿಲ್ಲ. ಹುಡುಗರು ಸುತ್ತ ನೋಡಿದರು. ಬಿಸಿಲು ಬಿದ್ದಿದ್ದ ಜಾಗ ಒಂದೇ. ಇಬ್ಬರು ಟಾರ್ಪಾಲಿನ ಎರಡೆರಡು ಮೂಲೆ ಹಿಡಿದು ಅತ್ತ ನಡೆದದ್ದೇ ತಡ, ಹಣ್ಣು ಕೆದಕುವ ಹಲಗೆ ಹಿಡಿದು ನಿಂತಿದ್ದ ರೈಟರು ಅಲ್ಲಿಂದಲೇ ಗದರಿದರು.

“ಏ, ಏ! ಕಣ ಇರೋದು ಕಾಫಿಗೆ ಮಾರಾಯ್ರೆ. ಬೇಲಿ ಮೇಲೆ ಹಾಕ್ಕಳಿ ಅದನ್ನ.”